ಲ್ಯಾಪ್‌ಟಾಪ್ ಆರಂಭವಾಗದಿದ್ದಾಗ, ವೈ-ಫೈ ದೊರೆಯದಿದ್ದಾಗ: ಫಾರ್ಮ್ಯಾಟ್‌ಗೆ ಒಪ್ಪುವ ಮೊದಲು ಪರಿಶೀಲಿಸಬೇಕಾದ ಅಂಶಗಳು

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ನಮೂನೆ 9ರ ಪ್ರತಿಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರಿಗೆ ‘ಸಿಸ್ಟಮ್ ಕೆಟ್ಟಿದೆ, ನಾಳೆ ಬನ್ನಿ’ ಎಂಬ ಉತ್ತರ ದೊರೆಯುವುದು ಅಪರೂಪವಲ್ಲ. ಆದರೆ ‘ಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಹಲವು ಸ್ಥಿತಿಗಳು ಅಡಗಿರುತ್ತವೆ. ಸಡಿಲವಾದ ಪ್ಲಗ್ಗಿಗೂ ಅದೇ ಮಾತು, ಹಾಳಾದ ಹಾರ್ಡ್ ಡಿಸ್ಕಿಗೂ ಅದೇ ಮಾತು. ಯಂತ್ರವು ಯಾವ ಹಂತದವರೆಗೆ ಬಂದು ನಿಂತಿತೆಂಬುದನ್ನು ಮೊದಲು ಗುರುತಿಸಿದಲ್ಲಿ ಅನೇಕ ದೋಷಗಳು ಕಚೇರಿಯಲ್ಲಿಯೇ ನಿವಾರಣೆಯಾಗುತ್ತವೆ. ಸದಸ್ಯರು ತಾವೇ ಯಂತ್ರವನ್ನು ಬಿಚ್ಚಬೇಕೆಂದು ಇದರ ಅರ್ಥವಲ್ಲ; ಸಿಬ್ಬಂದಿಯನ್ನೂ ದುರಸ್ತಿಗಾರರನ್ನೂ ಸರಿಯಾದ ಪ್ರಶ್ನೆ ಕೇಳಲು ಈ ತಿಳಿವಳಿಕೆ ಸಾಕು.

ಗುಂಡಿ ಒತ್ತಿದಾಗ ಯಾವ ದೀಪವೂ ಹೊತ್ತದಿದ್ದರೆ ಸಂಶಯವು ಮೊದಲು ವಿದ್ಯುತ್ತಿನ ಮೇಲಿರಲಿ. ಅದೇ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಬೇಕು. ಯುಪಿಎಸ್ ಮೂಲಕ ಸಂಪರ್ಕವಿದ್ದಲ್ಲಿ ಅದನ್ನು ಬಿಟ್ಟು ನೇರವಾಗಿ ಗೋಡೆಯ ಪಾಯಿಂಟಿಗೆ ಜೋಡಿಸಬೇಕು. ಅನಂತರ ಅಡಾಪ್ಟರನ್ನು ತೆಗೆದು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡುಗಳ ಕಾಲ ಒತ್ತಿ ಹಿಡಿದು, ಮತ್ತೆ ಅಡಾಪ್ಟರ್ ಜೋಡಿಸಿ ಪ್ರಯತ್ನಿಸಬೇಕು. ಒಳಗೆ ಉಳಿದಿದ್ದ ವಿದ್ಯುದಂಶವು ಹೀಗೆ ಹರಿದುಹೋದ ಮೇಲೆ ‘ಸತ್ತೇಹೋಯಿತು’ ಎಂದುಕೊಂಡ ಲ್ಯಾಪ್‌ಟಾಪ್ ಎದ್ದು ಕುಳಿತ ಸಂದರ್ಭಗಳು ಸಾಕಷ್ಟಿವೆ.

ದೀಪ ಹೊತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಕಚೇರಿಯ ಬೇರೊಂದು ಮಾನಿಟರಿಗೆ ಕೇಬಲ್ ಮೂಲಕ ಜೋಡಿಸಿ ನೋಡಬೇಕು. ಅದರಲ್ಲಿ ಚಿತ್ರ ಮೂಡಿದಲ್ಲಿ ಯಂತ್ರವು ಸುಸ್ಥಿತಿಯಲ್ಲಿದೆ, ಕೆಟ್ಟಿರುವುದು ಪರದೆಯ ಭಾಗ ಮಾತ್ರ. ಅಂದಿನ ಕೆಲಸ ನಿಲ್ಲಬೇಕಾಗಿಲ್ಲ. ಬೀಪ್ ಸದ್ದು ಬಂದರೆ ಅಥವಾ ಒಂದು ದೀಪ ಲಯಬದ್ಧವಾಗಿ ಮಿನುಗಿದರೆ ಎಷ್ಟು ಬಾರಿ ಎಂಬುದನ್ನು ಎಣಿಸಿ ಬರೆದಿಡಬೇಕು. ಆ ಸಂಖ್ಯೆಯಿಂದ ದೋಷದ ಸ್ಥಳವನ್ನು ದುರಸ್ತಿಗಾರರು ಗುರುತಿಸಬಲ್ಲರು.

ಕಂಪನಿಯ ಲಾಂಛನ ಕಾಣಿಸಿಕೊಂಡು, ಬೂಟ್ ಡಿವೈಸ್ ಸಿಗಲಿಲ್ಲವೆಂಬ ಸಂದೇಶದೊಡನೆ ನಿಂತರೆ ಹಿಂದಿನ ದಿನ ಮರೆತುಬಿಟ್ಟ ಪೆನ್‌ಡ್ರೈವ್ ಕಾರಣವಾಗಿರಬಹುದು. ಜೋಡಿಸಿರುವ ಎಲ್ಲವನ್ನೂ ತೆಗೆದು ಪುನಃ ಆರಂಭಿಸಬೇಕು. ಆಗಲೂ ಅದೇ ಸಂದೇಶ ಬಂದು, ಒಳಗಿನಿಂದ ಟಿಕ್ ಟಿಕ್ ಎಂಬ ಶಬ್ದ ಕೇಳಿದರೆ ಮತ್ತೆ ಮತ್ತೆ ಚಾಲನೆ ಮಾಡಬಾರದು. ಪ್ರತಿ ಪ್ರಯತ್ನವೂ ಹಾರ್ಡ್ ಡಿಸ್ಕಿನಲ್ಲಿರುವ ಕಡತಗಳನ್ನು ಇನ್ನಷ್ಟು ಅಪಾಯಕ್ಕೆ ಒಡ್ಡುತ್ತದೆ.

ವಿಂಡೋಸ್ ಹಂತದಲ್ಲಿ ಚುಕ್ಕೆಗಳು ಸುತ್ತುತ್ತಲೇ ಇದ್ದರೆ ಅಪ್‌ಡೇಟ್ ನಡೆಯುತ್ತಿರಬಹುದು. ತಾಳ್ಮೆಯಿಂದ ಕಾಯುವುದೇ ಲೇಸು. ಹಲವು ಬಾರಿ ಆರಂಭ ವಿಫಲವಾದಾಗ ದುರಸ್ತಿಯ ನೀಲಿ ಪರದೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’, ಬಳಿಕ ಇತ್ತೀಚಿನ ಅಪ್‌ಡೇಟ್ ತೆಗೆದುಹಾಕುವ ಆಯ್ಕೆ, ಅನಂತರ ‘ಸಿಸ್ಟಮ್ ರಿಸ್ಟೋರ್’ ಪ್ರಯತ್ನಿಸಬೇಕು. ‘ರಿಸೆಟ್’ ಎಂಬುದು ಕಟ್ಟಕಡೆಯದು. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿದರೂ ನುಡಿ ತಂತ್ರಾಂಶ, ಪ್ರಿಂಟರ್ ಮತ್ತು ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ತಂತ್ರಾಂಶಗಳನ್ನು ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಸಲಹೆ ಬರುವುದು ಸಾಮಾನ್ಯವಾಗಿ ಈ ಹಂತದಲ್ಲಿ. ದುರಸ್ತಿಗಾರರಿಗೆ ಅದು ಸುಲಭದ ದಾರಿ. ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳ ದತ್ತಾಂಶವು ಸರ್ವರ್‌ನಲ್ಲಿರುವುದರಿಂದ ಅಳಿಯುವುದಿಲ್ಲ, ನಿಜ. ಆದರೆ ಟೈಪು ಮಾಡಿದ ನಡವಳಿಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು, ಕಾಮಗಾರಿಗಳ ಛಾಯಾಚಿತ್ರಗಳು ಲ್ಯಾಪ್‌ಟಾಪಿನಲ್ಲಿಯೇ ಇರುತ್ತವೆ. ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದುಕೊಂಡು, ತೆರೆದು ನೋಡಿ ಖಾತ್ರಿಪಡಿಸಿಕೊಂಡ ಮೇಲೆಯೇ ಫಾರ್ಮ್ಯಾಟ್‌ಗೆ ಒಪ್ಪತಕ್ಕದ್ದು. ದುರಸ್ತಿಯ ಬಿಲ್ಲು ಸಭೆಯ ಮುಂದೆ ಬಂದಾಗ ಸದಸ್ಯರು ಮೊದಲು ಕೇಳಬೇಕಾದದ್ದು ಮೊತ್ತವನ್ನಲ್ಲ, ಈ ಪ್ರತಿಯನ್ನು.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ವಿಷಯವಿದೆ. ಕೆಲವೊಮ್ಮೆ ಯಂತ್ರವು ನೀಲಿ ಪರದೆಯಲ್ಲಿ 48 ಅಂಕಿಗಳ ‘ಬಿಟ್‌ಲಾಕರ್ ರಿಕವರಿ ಕೀ’ ಕೇಳುತ್ತದೆ. ಇದು ವೈರಸ್ ಅಲ್ಲ. ಕಳುವಾದರೂ ಕಡತಗಳು ಅನ್ಯರ ಕೈಗೆ ಸಿಗದಂತೆ ಡಿಸ್ಕಿಗೆ ಹಾಕಿದ ಬೀಗ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಬಾರಿ ಪ್ರವೇಶಿಸಿದಾಗಲೇ ಈ ಬೀಗ ತಾನಾಗಿ ಬೀಳುತ್ತದೆ, ಕೀಲಿಯು ಅದೇ ಖಾತೆಯಲ್ಲಿ ಉಳಿಯುತ್ತದೆ. ಆ ಖಾತೆ ಡಾಟಾ ಎಂಟ್ರಿ ಆಪರೇಟರ್ ಅವರ ಸ್ವಂತದ್ದಾಗಿದ್ದು, ಅವರು ಕೆಲಸ ಬಿಟ್ಟು ಹೋಗಿದ್ದಲ್ಲಿ? ಕೀಲಿಯಿಲ್ಲದೆ ಆ ಡಿಸ್ಕಿನ ಕಡತಗಳನ್ನು ಯಾವ ದುರಸ್ತಿಗಾರರೂ ತೆಗೆದುಕೊಡಲಾರರು. ಆದ್ದರಿಂದ ಲ್ಯಾಪ್‌ಟಾಪ್ ಸುಸ್ಥಿತಿಯಲ್ಲಿರುವಾಗಲೇ ಸೆಟ್ಟಿಂಗ್ಸ್‌ನಲ್ಲಿ ‘ಬಿಟ್‌ಲಾಕರ್’ ಎಂದು ಹುಡುಕಿ, ಬೀಗವಿದ್ದಲ್ಲಿ ಕೀಲಿಯನ್ನು ಮುದ್ರಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿ ಇರಿಸುವುದು ಒಳಿತು. ಲ್ಯಾಪ್‌ಟಾಪಿನ ಮೇಲೆ ಅಂಟಿಸಿಟ್ಟರೆ ಬೀಗಕ್ಕೆ ಅರ್ಥವಿಲ್ಲ.

ವೈ-ಫೈ ವಿಷಯದಲ್ಲಿ ಮೊದಲ ಪರೀಕ್ಷೆ ಸರಳವಾದದ್ದು: ಅದೇ ವೈ-ಫೈಗೆ ಒಂದು ಮೊಬೈಲನ್ನು ಜೋಡಿಸಿ, ಅದರ ಸಿಮ್ ಡಾಟಾ ಆರಿಸಿ, ಯಾವುದಾದರೂ ಜಾಲತಾಣ ತೆರೆಯುವುದು. ಮೊಬೈಲಿನಲ್ಲಿಯೂ ತೆರೆಯದಿದ್ದಲ್ಲಿ ದೋಷ ಲ್ಯಾಪ್‌ಟಾಪಿನದಲ್ಲ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿದ್ದರೆ ಬೆಳಕಿನ ಸಂಕೇತವೇ ಪೆಟ್ಟಿಗೆಗೆ ತಲುಪುತ್ತಿಲ್ಲವೆಂದು ಅರ್ಥ. ರಸ್ತೆ ಅಥವಾ ಪೈಪ್‌ಲೈನ್ ಕಾಮಗಾರಿಗೆ ಅಗೆದಾಗ ತಂತಿ ತುಂಡಾಗಿರಬಹುದು. ಅಗೆತ ನಡೆದ ಸ್ಥಳ ಸದಸ್ಯರಿಗೆ ತಿಳಿದಿರುವುದರಿಂದ ದೂರಿನಲ್ಲಿ ಅದನ್ನು ನಮೂದಿಸಿದರೆ ಹುಡುಕಾಟದ ಸಮಯ ಉಳಿಯುತ್ತದೆ.

ಮೊಬೈಲಿಗೆ ಸಿಕ್ಕಿ ಲ್ಯಾಪ್‌ಟಾಪಿಗೆ ಸಿಗದಿದ್ದರೆ ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಬೇಕು. ಕೀಲಿಮಣೆ ಒರೆಸುವಾಗಲೂ ಆ ಗುಂಡಿ ಒತ್ತಿಹೋಗುತ್ತದೆ. ರೂಟರಿನ ಪಾಸ್‌ವರ್ಡ್ ಬದಲಾಗಿದ್ದಲ್ಲಿ ಹಳೆಯ ಸಂಪರ್ಕವನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಜೋಡಿಸಬೇಕು. ಸಂಪರ್ಕವಿದೆ, ಇಂಟರ್‌ನೆಟ್ ಇಲ್ಲ ಎಂದು ತೋರಿಸಿ, ಐಪಿ ವಿಳಾಸ 169.254ರಿಂದ ಆರಂಭವಾಗಿದ್ದರೆ ರೂಟರ್ ವಿಳಾಸ ನೀಡಿಲ್ಲವೆಂದರ್ಥ. ಅದನ್ನು ಆರಿಸಿ ಒಂದು ನಿಮಿಷದ ನಂತರ ಹೊತ್ತಿಸಬೇಕು. ದಪ್ಪ ಗೋಡೆಯ ಹಳೆಯ ಕಟ್ಟಡಗಳಲ್ಲಿ 5 ಗಿಗಾಹರ್ಟ್ಸ್ ಸಂಕೇತ ಪಕ್ಕದ ಕೊಠಡಿಗೆ ಸರಿಯಾಗಿ ತಲುಪದು. ಅಂತಹ ಕಡೆ 2.4 ಆಯ್ದುಕೊಳ್ಳುವುದು ಸೂಕ್ತ.

ಎಲ್ಲವೂ ಸರಿಯಿದ್ದು ಸುರಕ್ಷಿತ ಜಾಲತಾಣಗಳು ಮಾತ್ರ ತೆರೆಯದಿದ್ದರೆ, ಡಿಜಿಟಲ್ ಸಹಿ ತಿರಸ್ಕೃತವಾಗುತ್ತಿದ್ದರೆ, ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ಗಮನಿಸಬೇಕು. ಹಳೆಯ ಲ್ಯಾಪ್‌ಟಾಪಿನ ಒಳಗಿರುವ ನಾಣ್ಯದಾಕಾರದ ಸಣ್ಣ ಬ್ಯಾಟರಿ ಮುಗಿದಾಗ ದಿನಾಂಕವು ಯಾವುದೋ ಹಿಂದಿನ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ದಿನಾಂಕ ತಿದ್ದಿದರೆ ಅಂದಿನ ಕೆಲಸ ಸಾಗುತ್ತದೆ. ಮರುದಿನವೂ ಹಾಗೆಯೇ ಆದಲ್ಲಿ ಆ ಬ್ಯಾಟರಿಯನ್ನು ಬದಲಾಯಿಸಿದರೆ ಸಾಕು, ಹೊಸ ಲ್ಯಾಪ್‌ಟಾಪಿಗೆ ಪ್ರಸ್ತಾವನೆ ಬೇಕಿಲ್ಲ.