ನೋಡಿದವರೆಷ್ಟು, ಒತ್ತಿದವರೆಷ್ಟು?

2023ರ ಡಿಸೆಂಬರ್ 31, ಭಾನುವಾರ ಸಂಜೆ. ಅಕ್ಕನ ಮನೆಯಲ್ಲಿ ಹಪ್ಪಳದ ಸ್ಟೀಲ್ ಡಬ್ಬಿಯನ್ನು ಖಾಲಿ ಮಾಡಿ ಮತಪೆಟ್ಟಿಗೆ ಮಾಡಿದ್ದರು. ಅಕ್ಕ, ಭಾವ, ಅಳಿಯ, ಅವನ ಒಂದಷ್ಟು ಗೆಳೆಯರು, ಎದುರು ಮನೆಯವರು, ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಕ್ಕನ ಮಗಳು, ಜೊತೆಗೆ ನಾನು. ವರ್ಷದ ಅತ್ಯುತ್ತಮ ಕನ್ನಡ ಸಿನಿಮಾ ಯಾವುದು ಎಂದು ಎಲ್ಲರೂ ಒಂದೊಂದು ಚೀಟಿ ಬರೆದು ಡಬ್ಬಿಗೆ ಹಾಕಿದೆವು. ಬಿಚ್ಚಿ ಎಣಿಸಿದಾಗ ‘ಕಾಟೇರ’ಕ್ಕೆ ಹನ್ನೊಂದು, ‘ಸಪ್ತ ಸಾಗರದಾಚೆ ಎಲ್ಲೋ’ಗೆ ಐದು, ‘ಡೇರ್‌ಡೆವಿಲ್ ಮುಸ್ತಾಫಾ’ಗೆ ಮೂರು. ಕೊನೆಗೆ ಉಳಿದ ಒಂದೇ ಚೀಟಿಯಲ್ಲಿ ‘ಪಿಂಕಿ ಎಲ್ಲಿ?’ ಎಂದಿತ್ತು.

“ಅದ್ಯಾವ ಸಿನಿಮಾನೋ?” ಎಂದು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರೆದವಳು ಅಕ್ಕನ ಮಗಳು. ಪೃಥ್ವಿ ಕೊಣನೂರು ಅವರ ಸಿನಿಮಾ, ಜೂನ್‌ನಲ್ಲಿ ಬಂದಿತ್ತು, ಕೆಲಸದವಳ ಕೈಲಿ ಬಿಟ್ಟುಹೋದ ಕೂಸು ಕಾಣೆಯಾಗುವ ಕಥೆ ಎಂದು ಅವಳೇ ಬಿಡಿಸಿ ಹೇಳಬೇಕಾಯಿತು. ಅಲ್ಲಿದ್ದವರಲ್ಲಿ ಅದನ್ನು ನೋಡಿದ್ದವಳು ಅವಳೊಬ್ಬಳೇ.

ಚರ್ಚೆ ಶುರುವಾಗಿದ್ದು ಅಲ್ಲಿಂದ. “ಕಾಟೇರ ಬಂದು ಮೂರು ದಿನ ಆಗಿಲ್ಲ ಕಣೋ, ಅಷ್ಟರೊಳಗೆ ವರ್ಷದ ಸಿನಿಮಾನಾ?” ಎಂದಳು ಅವಳು. “ಮೂರು ದಿನದಲ್ಲಿ ಎರಡು ಸಲ ನೋಡಿದೀನಿ ಕಣೇ” ಎಂದ ಅವಳ ತಮ್ಮ, ನನ್ನ ಅಳಿಯ. “ಸಪ್ತ ಸಾಗರ ನೋಡಿದ್ಯಾ?” “ಟ್ರೇಲರ್ ನೋಡಿದೀನಿ.” “ಮುಸ್ತಾಫಾ?” “ಇಲ್ಲ.” “ಮತ್ತೆ ಯಾವುದಕ್ಕಿಂತ ಉತ್ತಮ ಅಂತ ಬರೆದೆ?” ಅವನು ನನ್ನ ಕಡೆ ತಿರುಗಿದ. “ಮಾವ, ನೀನೇ ಹೇಳು. ಮತ ಅಂದ್ರೆ ಮತ ತಾನೇ? ಹನ್ನೊಂದು ಜನ ಒಂದು ಕಡೆ ಇದಾರೆ.”

ಆ ಸಂಜೆ ಅವನಿಗೆ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅವನ ಮಾತನ್ನು ತಳ್ಳಿಹಾಕಲು ಮನಸ್ಸೂ ಬರಲಿಲ್ಲ. ತರುಣ್ ಸುಧೀರ್ ನಿರ್ದೇಶನದ ‘ಕಾಟೇರ’ ಎಪ್ಪತ್ತರ ದಶಕದ ಗೇಣಿದಾರರ ಪಾಡನ್ನು, ಉಳುವವನೇ ಹೊಲದೊಡೆಯ ಎಂಬ ಕಾನೂನು ಹಳ್ಳಿಯೊಂದನ್ನು ತಲುಪಿದ ಬಗೆಯನ್ನು ತುಂಬಿದ ಥಿಯೇಟರಿನ ಮುಂದೆ ಇಟ್ಟ ಸಿನಿಮಾ. ಮೆಚ್ಚಿದವರಿಗೆ ಮೆಚ್ಚಲು ಕಾರಣವಿತ್ತು. ಆದರೂ ಅಕ್ಕನ ಮಗಳ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಡಿಸೆಂಬರ್ ಬಂತೆಂದರೆ ಮೊಬೈಲಿಗೆ ಸಾಲುಸಾಲಾಗಿ ಬರುವ ‘ನಿಮ್ಮ ನೆಚ್ಚಿನ ಚಿತ್ರಕ್ಕೆ ಮತ ಹಾಕಿ’ ಎಂಬ ಕೊಂಡಿಗಳನ್ನು ಕಂಡಾಗಲೆಲ್ಲ ಅದು ಮತ್ತೆ ಏಳುತ್ತದೆ. ಮತ ಎಷ್ಟು ಬಿತ್ತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಮತ ಹಾಕಿದವರು ಏನೇನು ನೋಡಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಈ ಪ್ರಶ್ನೆಗೆ ಆಸ್ಕರ್ ಅಕಾಡೆಮಿಯೇ ಒಮ್ಮೆ ಸಿಕ್ಕಿಬಿದ್ದಿತ್ತು. ಜನ ನೋಡುವ ಸಿನಿಮಾಗಳೇ ಬೇರೆ, ತಾನು ಪ್ರಶಸ್ತಿ ಕೊಡುವ ಸಿನಿಮಾಗಳೇ ಬೇರೆ ಎಂಬ ಕೊರಗು ಅದಕ್ಕೆ ಹಳೆಯದು. 2018ರ ಆಗಸ್ಟ್‌ನಲ್ಲಿ ‘ಜನಪ್ರಿಯ ಚಿತ್ರ’ಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯುವುದಾಗಿ ಸಾರಿ, ಟೀಕೆ ಬಂದ ಮೇಲೆ ಮರು ತಿಂಗಳೇ ಕೈಬಿಟ್ಟಿತು. 2022ರಲ್ಲಿ ಮತ್ತೊಂದು ದಾರಿ ಹುಡುಕಿತು. ಫೆಬ್ರುವರಿ 14ರಿಂದ ಮಾರ್ಚ್ 3ರವರೆಗೆ ಯಾರು ಬೇಕಾದರೂ ಟ್ವಿಟರ್‌ನಲ್ಲಿ ಹ್ಯಾಷ್‌ಟ್ಯಾಗ್ ಹಾಕಿ ತಮ್ಮ ಮೆಚ್ಚಿನ 2021ರ ಸಿನಿಮಾಕ್ಕೆ ಮತ ಕೊಡಬಹುದು. ನಾಮನಿರ್ದೇಶನದ ಹಂಗಿಲ್ಲ. ಒಬ್ಬರು ದಿನಕ್ಕೆ 20 ಮತ ಹಾಕಬಹುದು. ಹದಿನೆಂಟು ದಿನಕ್ಕೆ ಲೆಕ್ಕ ಹಾಕಿ: ಪಟ್ಟು ಹಿಡಿದು ಕೂತ ಒಬ್ಬ ಅಭಿಮಾನಿಯ ಕೈಯಲ್ಲಿ 360 ಮತ!

ಆ ಹೊತ್ತಿಗೆ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ಜಗತ್ತಿನಾದ್ಯಂತ ನೂರೈವತ್ತು ಕೋಟಿ ಡಾಲರ್ ದಾಟಿತ್ತು. ಕೊರೊನಾದ ಭಯದಲ್ಲಿ ಮನೆ ಸೇರಿದ್ದ ಪ್ರೇಕ್ಷಕರನ್ನು ಮತ್ತೆ ಥಿಯೇಟರಿಗೆ ಎಳೆದು ತಂದ ಸಿನಿಮಾ ಅದು. ಜನಮತ ಎಂದ ಮೇಲೆ ಅದೇ ಗೆಲ್ಲುತ್ತದೆ ಎಂದು ಯಾರಿಗಾದರೂ ಅನಿಸಬೇಕು. ಮಾರ್ಚ್ 27ರ ರಾತ್ರಿ ಸಮಾರಂಭದಲ್ಲಿ ಫಲಿತಾಂಶ ತೋರಿಸಿದಾಗ ಮೊದಲ ಸ್ಥಾನದಲ್ಲಿ ಇದ್ದದ್ದು ಜ್ಯಾಕ್ ಸ್ನೈಡರ್ ಅವರ ‘ಆರ್ಮಿ ಆಫ್ ದಿ ಡೆಡ್’, ನೆಟ್‌ಫ್ಲಿಕ್ಸ್‌ನ ಜೊಂಬಿ ಚಿತ್ರ. ಎರಡನೆಯದು ಗಾಯಕಿ ಕಮಿಲಾ ಕಬೆಲ್ಲೊ ನಟಿಸಿದ ‘ಸಿಂಡ್ರೆಲಾ’. ಜಾನಿ ಡೆಪ್ ನಟಿಸಿದ ‘ಮಿನಮಾಟಾ’ ಕೂಡ ಐದರೊಳಗೆ ಬಂತು. ಸ್ಪೈಡರ್‌ಮ್ಯಾನ್‌ಗೂ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಸಿಂಡ್ರೆಲಾಗಿಂತ ಕೆಳಗೆ. ಚಿತ್ರರಂಗದ ಇತಿಹಾಸದಲ್ಲೇ ಪ್ರೇಕ್ಷಕ ಶಿಳ್ಳೆ ಹೊಡೆದ ದೃಶ್ಯ ಯಾವುದು ಎಂದು ಜೊತೆಯಲ್ಲೇ ಕೇಳಿದ್ದರು. ‘ದಿ ಮೇಟ್ರಿಕ್ಸ್’ನ ಗುಂಡು ತಪ್ಪಿಸಿಕೊಳ್ಳುವ ದೃಶ್ಯವನ್ನೂ ಹಿಂದೆ ಹಾಕಿ ಗೆದ್ದದ್ದು ಅದೇ ಸ್ನೈಡರ್ ಅವರ ‘ಜಸ್ಟಿಸ್ ಲೀಗ್’ನ ಒಂದು ದೃಶ್ಯ. ಅಕಾಡೆಮಿಯ ಸದಸ್ಯರು ಅತ್ಯುತ್ತಮ ಚಿತ್ರವೆಂದು ಆರಿಸಿದ ‘ಕೋಡಾ’ಕ್ಕೆ ಅಭಿಮಾನಿಗಳ ಐದರಲ್ಲಿ ಜಾಗವಿರಲಿಲ್ಲ. ಅಭಿಮಾನಿಗಳ ಐದರಲ್ಲಿ ಒಂದೂ ಅತ್ಯುತ್ತಮ ಚಿತ್ರಕ್ಕೆ ನಾಮನಿರ್ದೇಶನಗೊಂಡಿರಲಿಲ್ಲ. ಮರುವರ್ಷ ಆ ಮತದಾನ ನಡೆಯಲೇ ಇಲ್ಲ.

ಫಲಿತಾಂಶ ನೋಡಿ ನಕ್ಕವರು ಬಹಳ. ನಾನು ನಗುವುದಿಲ್ಲ. ಸ್ನೈಡರ್ ಅಭಿಮಾನಿಗಳು ತಮ್ಮ ನಿರ್ದೇಶಕನ ‘ಜಸ್ಟಿಸ್ ಲೀಗ್’ ಅವನು ಬಯಸಿದ ರೂಪದಲ್ಲೇ ಹೊರಬರಲಿ ಎಂದು ವರ್ಷಗಟ್ಟಲೆ ಒತ್ತಾಯ ಮಾಡಿ, 2021ರಲ್ಲಿ ಅದನ್ನು ಬಿಡುಗಡೆ ಮಾಡಿಸಿಕೊಂಡವರು. ಅಂಥ ಗುಂಪಿನ ಕೈಗೆ ದಿನಕ್ಕೆ 20 ಮತ ಕೊಟ್ಟು, ಆಮೇಲೆ ಅವರು ಹಾಕಿದರೆಂದು ದೂರುವುದು ಯಾವ ನ್ಯಾಯ? ಸ್ಪೈಡರ್‌ಮ್ಯಾನನ್ನು ಕೋಟಿಗಟ್ಟಲೆ ಜನ ಒಂದು ಸಲ ನೋಡಿ, ಖುಷಿಪಟ್ಟು, ಮನೆಗೆ ಹೋಗಿ ಮಲಗಿದರು. ಸ್ನೈಡರ್ ಅಭಿಮಾನಿ ಹದಿನೆಂಟು ದಿನ ಎಚ್ಚರವಾಗಿದ್ದ. ಆ ಮತದಾನ ಅಳೆದದ್ದು ಯಾರ ಪ್ರೀತಿ ಹೆಚ್ಚು ಹೊತ್ತು ಎದ್ದಿರುತ್ತದೆ ಎಂಬುದನ್ನು. ಪ್ರೀತಿಯನ್ನು ಅಳೆಯಬಾರದೆಂದಿಲ್ಲ. ಅಳೆದ ಮೇಲೆ ಅದರ ಮೇಲೆ ‘ವರ್ಷದ ಅತ್ಯುತ್ತಮ’ ಎಂಬ ಚೀಟಿ ಅಂಟಿಸಿದಾಗಲೇ ತಕರಾರು.

ಅಭಿಮಾನಿ ಎಂಬ ಮಾತು ನಮ್ಮಲ್ಲಿ ಹಗುರವಾದದ್ದಲ್ಲ. ಡಾ. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳೇ’ ಎಂದು ಕೈಮುಗಿದ ನಾಡು ಇದು. ಬ್ಯಾನರ್ ಕಟ್ಟಿ, ಕಟೌಟಿಗೆ ಹಾಲೆರೆದು, ಮೊದಲ ದಿನದ ಮೊದಲ ಶೋಗೆ ಬೆಳಗಿನ ಜಾವ ಸಾಲು ನಿಲ್ಲುವವರ ದುಡ್ಡಿನಿಂದಲೇ ಉದ್ಯಮ ನಿಂತಿದೆ. ‘ಡೇರ್‌ಡೆವಿಲ್ ಮುಸ್ತಾಫಾ’ ಹುಟ್ಟಿದ್ದೂ ಅಭಿಮಾನದಿಂದಲೇ. ಅಲ್ಲಿ ಅಭಿಮಾನ ಪೂರ್ಣಚಂದ್ರ ತೇಜಸ್ವಿಯವರ ಮೇಲಿನದು. ಅವರ ಓದುಗರು ಸೇರಿ ಹಣ ಹಾಕಿ, ಶಶಾಂಕ್ ಸೋಗಾಲ್ ನಿರ್ದೇಶನದಲ್ಲಿ ಅವರ ಕಥೆಯನ್ನು ತೆರೆಗೆ ತಂದರು. ಅಭಿಮಾನಿಗೆ ಆರಿಸುವ ಯೋಗ್ಯತೆಯಿಲ್ಲ, ಅದು ತಿಳಿದವರ ಕೆಲಸ ಎನ್ನುವವರ ಜೊತೆ ನನಗೆ ಜಗಳವಿದೆ.

ಅವರಿಗೆ ನಾನು ತೋರಿಸುವುದು 1954. ಆ ವರ್ಷದ ಮಾರ್ಚ್ 21ರಂದು ಮುಂಬೈನ ಮೆಟ್ರೊ ಚಿತ್ರಮಂದಿರದಲ್ಲಿ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭ ನಡೆಯಿತು. ಪ್ರಶಸ್ತಿಗಳು ಐದೇ. ಆರಿಸಿದವರು ಪತ್ರಿಕೆಯ ಓದುಗರು. ದೇಶದ ಮೂಲೆಮೂಲೆಯಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದ್ದರು. ಅವರು ಅತ್ಯುತ್ತಮ ಚಿತ್ರವೆಂದು ಆರಿಸಿದ್ದು ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’. ಎರಡು ಬಿಘಾ ಹೊಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ. ಕಣ್ಣಿಗೆ ಹಬ್ಬವಾಗುವ ಸೆಟ್ ಇಲ್ಲ, ಗೆಲ್ಲುವ ನಾಯಕ ಇಲ್ಲ. ಇಂದು ಕುಳಿತು ಪಟ್ಟಿ ಮಾಡುವ ಯಾವ ಪಂಡಿತನೂ ಬಿಡಲಾರದ ಆ ಸಿನಿಮಾವನ್ನು ಮೊದಲ ಸಲವೇ ಸಾಮಾನ್ಯ ಓದುಗ ಹೆಕ್ಕಿದ್ದ.

ಟೊರಾಂಟೊ ಚಿತ್ರೋತ್ಸವದ ಮುಖ್ಯ ಪ್ರಶಸ್ತಿಯೂ ಪ್ರೇಕ್ಷಕರದೇ. 1978ರಿಂದ ಅವರು ಆರಿಸುತ್ತ ಬಂದಿದ್ದಾರೆ. ‘ಸ್ಲಮ್‌ಡಾಗ್ ಮಿಲಿಯನೇರ್’, ‘12 ಇಯರ್ಸ್ ಎ ಸ್ಲೇವ್’, ‘ನೋಮ್ಯಾಡ್‌ಲ್ಯಾಂಡ್’ ಮೊದಲು ಅಲ್ಲಿ ಪ್ರೇಕ್ಷಕರ ಮತ ಗೆದ್ದು, ಆಮೇಲೆ ಆಸ್ಕರ್ ಗೆದ್ದವು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದ ಪ್ರೇಕ್ಷಕರು ಅತ್ಯುತ್ತಮವೆಂದು ಆರಿಸಿದ್ದು ನಮ್ಮ ಪವನ್ ಕುಮಾರ್ ಅವರ ‘ಲೂಸಿಯಾ’. ನೂರಕ್ಕೂ ಹೆಚ್ಚು ಜನ ಕೈಯಿಂದ ಹಾಕಿದ ಸುಮಾರು 50 ಲಕ್ಷ ರೂಪಾಯಿಯಲ್ಲಿ ಆದ ಕನ್ನಡ ಸಿನಿಮಾ, ಬೆಂಗಳೂರಿನಲ್ಲಿ ಬಿಡುಗಡೆಯಾಗುವ ಮೊದಲೇ ಅಲ್ಲಿ ಜನಮತ ಗೆದ್ದಿತ್ತು.

ಟ್ವಿಟರ್‌ನ ಅಭಿಮಾನಿಗೂ ಚಿತ್ರೋತ್ಸವದ ಪ್ರೇಕ್ಷಕನಿಗೂ ರುಚಿಯಲ್ಲಿ ಅಂಥ ಅಂತರವಿದೆಯೆಂದು ನನಗೆ ಅನಿಸುವುದಿಲ್ಲ. ಅಂತರ ಇರುವುದು ಕುರ್ಚಿಯಲ್ಲಿ. ಚಿತ್ರೋತ್ಸವದಲ್ಲಿ ಮತ ಹಾಕುವವನು ಆಗಷ್ಟೇ ಆ ಸಿನಿಮಾ ನೋಡಿ ಎದ್ದವನು. ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಒಳಗೆ ಹೋಗುವಾಗಲೇ ಕೈಗೆ ಒಂದರಿಂದ ಐದರವರೆಗೆ ಅಂಕಿಯಿರುವ ಕಾಗದ ಕೊಡುತ್ತಾರೆ. ಸಿನಿಮಾ ಮುಗಿದ ಮೇಲೆ ನಿಮಗೆ ಅನಿಸಿದ ಅಂಕಿಯ ಹತ್ತಿರ ಹರಿದು ಬಾಗಿಲಲ್ಲಿ ಕೊಟ್ಟು ಬರಬೇಕು. ಲೆಕ್ಕಕ್ಕೆ ಬರುವುದು ಸರಾಸರಿ. ಇನ್ನೂರು ಜನ ನೋಡಿದ ಸಿನಿಮಾವೂ ಸಾವಿರ ಜನ ನೋಡಿದ ಸಿನಿಮಾದ ಪಕ್ಕದಲ್ಲಿ ತಲೆ ಎತ್ತಿ ನಿಲ್ಲಬಹುದು.

ಬರೀ ಸರಾಸರಿಯನ್ನೂ ನಂಬಿ ಕೂರುವಂತಿಲ್ಲ. ನೋಡಿದವರೇ ಅಂಕ ಕೊಡಲಿ ಎಂಬ ಕಾವಲು ಇಲ್ಲದಿದ್ದರೆ ಏನಾಗುತ್ತದೆಂದು 2008 ತೋರಿಸಿದೆ. ಆ ಜುಲೈಯಲ್ಲಿ ‘ದಿ ಡಾರ್ಕ್ ನೈಟ್’ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಬಳಕೆದಾರರು ಸಿನಿಮಾಗಳಿಗೆ ಅಂಕ ಕೊಡುವ ಜಾಲತಾಣ ಐಎಂಡಿಬಿಯ ಪಟ್ಟಿಯ ತುದಿಗೇರಿತು. ಅಲ್ಲಿ ಭದ್ರವಾಗಿ ಕೂತಿದ್ದ ‘ದಿ ಗಾಡ್‌ಫಾದರ್’ಗೆ ಬ್ಯಾಟ್‌ಮ್ಯಾನ್ ಅಭಿಮಾನಿಗಳು ಹತ್ತಕ್ಕೆ ಒಂದು ಅಂಕ ಕೊಡತೊಡಗಿದರು. ಆ ಕಡೆಯವರೂ ಸುಮ್ಮನಿರಲಿಲ್ಲ. ಇಬ್ಬರ ಜಗಳ ಮೂರನೆಯವರಿಗೆ ಲಾಭವಾಗಿ ‘ದಿ ಶಾಶಾಂಕ್ ರಿಡೆಂಪ್ಶನ್’ ಮೇಲಕ್ಕೆ ಬಂತು. ಒಂದು ಸಿನಿಮಾವನ್ನು ಪ್ರೀತಿಸುವುದೆಂದರೆ ಇನ್ನೊಂದನ್ನು ತುಳಿಯುವುದು ಎಂಬ ಈ ಚಾಳಿ ಕನ್ನಡಕ್ಕೂ ಹತ್ತಿದೆ. ದೊಡ್ಡ ನಟರ ಸಿನಿಮಾ ಬಂದ ದಿನ, ಮೊದಲ ಶೋ ಮುಗಿಯುವ ಮುನ್ನವೇ ಹತ್ತಕ್ಕೆ ಹತ್ತು, ಹತ್ತಕ್ಕೆ ಒಂದು ಎರಡೂ ರಾಶಿ ಬೀಳುತ್ತವೆ. ಸಿನಿಮಾ ನೋಡಲು ಬೇಕಾದ ಎರಡೂವರೆ ಗಂಟೆ ಕೂಡ ಕಳೆದಿರುವುದಿಲ್ಲ. ನನಗೆ ಇದು ಸಂಕಟ ತರುವ ವಿಷಯ. ಅಂಕ ಕಳೆದುಕೊಳ್ಳುವ ಸಿನಿಮಾದ ಹಿಂದೆಯೂ ನೂರಾರು ಜನರ ಎರಡು ವರ್ಷದ ದುಡಿಮೆ ಇರುತ್ತದೆ.

ಕ್ಯಾಲೆಂಡರಿನ ತೊಡಕು ಬೇರೆ. ನಮ್ಮಲ್ಲಿ ಹಲವು ದೊಡ್ಡ ಸಿನಿಮಾಗಳು ಬರುವುದು ವರ್ಷದ ಕೊನೆಗೆ. ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್ 21, ‘ಕಾಟೇರ’ 2023ರ ಡಿಸೆಂಬರ್ 29, ‘ಯುಐ’ 2024ರ ಡಿಸೆಂಬರ್ 20, ‘ಮ್ಯಾಕ್ಸ್’ 25. ಮತದಾನದ ಹೊತ್ತಿಗೆ ಇವುಗಳ ಬಿಸಿ ಆರಿರುವುದಿಲ್ಲ. ಫೆಬ್ರುವರಿಯಲ್ಲಿ ಬಂದದ್ದು ಮರೆತೇ ಹೋಗಿರುತ್ತದೆ. ಇನ್ನು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ನಂಥದ್ದನ್ನು ಎಲ್ಲಿ ಸೇರಿಸುವುದು? ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಊರಿನವರನ್ನೇ ಹಾಕಿಕೊಂಡು, ಶಾಲೆಯ ಬಿಸಿಯೂಟದ ಅಡುಗೆಯವಳೊಬ್ಬಳ ಕಥೆ ಹೇಳಿದ ಸಿನಿಮಾ 2022ರಲ್ಲೇ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ನಮ್ಮ ಥಿಯೇಟರಿಗೆ ಬಂದದ್ದು 2024ರ ಜೂನ್‌ನಲ್ಲಿ. ಎರಡು ವರ್ಷದ ಪಟ್ಟಿಗಳ ನಡುವೆ ಅದು ಯಾರ ಕೈಗೂ ಸಿಗದೆ ಜಾರಿತು.

ಅಕ್ಕನ ಮನೆಯಲ್ಲಿ 2024ರ ಕೊನೆಗೆ ಮತ್ತೆ ಡಬ್ಬಿ ಹೊರಬಂತು. ಈ ಸಲ ಅಕ್ಕನ ಮಗಳು ನಿಯಮ ಬದಲಿಸಿದ್ದಳು. ಚೀಟಿಯ ಮೇಲೆ ಮೊದಲು ಆ ವರ್ಷ ನೋಡಿದ ಎಲ್ಲ ಕನ್ನಡ ಸಿನಿಮಾಗಳ ಹೆಸರು ಬರೆಯಬೇಕು, ಪ್ರತಿಯೊಂದಕ್ಕೂ ಐದರಲ್ಲಿ ಇಷ್ಟು ಎಂದು ಅಂಕ ಕೊಡಬೇಕು. ಕಡಿಮೆಯೆಂದರೆ ಐದು ಸಿನಿಮಾ ನೋಡಿರಬೇಕು. ನವೆಂಬರ್‌ನಲ್ಲೇ ಫೋನ್ ಮಾಡಿ ಎಲ್ಲರಿಗೂ ಹೇಳಿದ್ದಳು. ಅಳಿಯನ ಲೆಕ್ಕ ಮೂರಕ್ಕೇ ನಿಂತಿತ್ತು. ಒಂದು ವಾರ ಅಕ್ಕನ ಜೊತೆ ಕೂತು ಎರಡು ನೋಡಿ ಮುಗಿಸಿದ. ಹೆಚ್ಚು ಚೀಟಿಗಳಲ್ಲಿ ಇದ್ದ ಹೆಸರು ‘ಭೀಮ’. ಸರಾಸರಿಯಲ್ಲಿ ಮೇಲೆ ಬಂದದ್ದು ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’, ಫೆಬ್ರುವರಿಯಲ್ಲಿ ಬಂದು ಹೋಗಿದ್ದ ಸಿನಿಮಾ. ಹೋಟೆಲ್ ನಡೆಸುವ ಸುಬ್ಬಣ್ಣನ ಪಾತ್ರದಲ್ಲಿ ರಂಗಾಯಣ ರಘು ಅವರನ್ನು ನೋಡಿದ ಅಳಿಯ ಐದಕ್ಕೆ ಐದು ಬರೆದಿದ್ದ. “ಇದನ್ನ ಥಿಯೇಟರಲ್ಲಿ ಯಾಕೆ ನೋಡ್ಲಿಲ್ಲ ಅಂತ ಬೇಜಾರಾಯ್ತು ಮಾವ” ಎಂದ. ಆ ಸಂಜೆಯೂ ಜಗಳ ನಡೆಯಿತು. ನೋಡಿದವರೆಲ್ಲ ಸೇರಿ ಆಡಿದ ಜಗಳ ಅದು. ಊಟ ತಣ್ಣಗಾಗುವವರೆಗೂ ಮುಗಿಯಲಿಲ್ಲ.

ಅಭಿಮಾನಿಗಳ ಮತ ಕೇಳುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಫಲಿತಾಂಶ ಪ್ರಕಟಿಸುವಾಗ ಪ್ರತಿ ಸಿನಿಮಾದ ಮುಂದೆ ಮತದ ಜೊತೆ ಇನ್ನೊಂದು ಅಂಕಿ ಹಾಕಿ: ಮತ ಹಾಕಿದವರಲ್ಲಿ ಅದನ್ನು ನೋಡಿದವರು ಎಷ್ಟು ಎಂದು. ಕೇಳಿ ತಿಳಿಯುವುದು ಕಷ್ಟವೇನಲ್ಲ, ಒಂದು ಪ್ರಶ್ನೆ ಹೆಚ್ಚಾಗುತ್ತದೆ ಅಷ್ಟೆ. ಓದುಗರೇ, ಈ ಡಿಸೆಂಬರ್‌ನಲ್ಲಿ ನಿಮ್ಮ ಮೊಬೈಲಿಗೂ ಅಂಥ ಕೊಂಡಿ ಬರುತ್ತದೆ. ಒತ್ತುವ ಮೊದಲು, ಆ ಪಟ್ಟಿಯಲ್ಲಿ ನೀವು ನೋಡದೆ ಉಳಿದ ಒಂದು ಕನ್ನಡ ಸಿನಿಮಾ ಆರಿಸಿಕೊಂಡು ನೋಡಿ. ಆಮೇಲೆ ನಿಮ್ಮ ಮತ ಯಾರಿಗೆ ಬೇಕಾದರೂ ಹೋಗಲಿ.