ಓದಿದ್ದು ಉಳಿಯಬೇಕಾದರೆ

ಪುಸ್ತಕವೊಂದನ್ನು ಓದಿ ಎರಡು ತಿಂಗಳಾದ ಮೇಲೆ ಅದರಲ್ಲೇನಿತ್ತೆಂದು ಮನೆಯ ಮಕ್ಕಳು ಕೇಳಿದರೆ, ನಮ್ಮಲ್ಲನೇಕರು ಅದರ ಹೆಸರನ್ನೂ ರಟ್ಟಿನ ಬಣ್ಣವನ್ನೂ ಮಾತ್ರ ಹೇಳಬಲ್ಲೆವು. ಹಣ ಕೊಟ್ಟು ಕೊಂಡು, ಕಣ್ಣು ನೋಯಿಸಿಕೊಂಡು ಓದಿದುದರಲ್ಲಿ ಉಳಿದುದೇನು? ಸಾಲುಸಾಲಿಗೆ ಗೆರೆಯೆಳೆಯುವವರುಂಟು, ಎಳೆದ ಗೆರೆಯನ್ನು ಮರಳಿ ನೋಡಿದವರನ್ನು ನಾವು ಕಂಡುದು ಕಡಮೆ.

ನಮ್ಮ ಹಿರಿಯರಿಗೆ ಪುಸ್ತಕಗಳು ಅಪರೂಪವಾಗಿದ್ದವು. ಆದರೆ ಒಂದೆರಡರಿಂದಲೇ ಬಾಳಿಗಾಗುವಷ್ಟನ್ನು ಅವರು ಪಡೆಯುತ್ತಿದ್ದರು. ಗಮಕವಾಚನವೇ ಅದಕ್ಕೆ ಕಾರಣ. ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಅರ್ಥವಾಗದೆ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಪದವನ್ನು ತಪ್ಪಾಗಿ ಒಡೆದು ಓದಿದರೆ ನಡಿಗೆ ಎಡವುತ್ತದೆ. ಕಣ್ಣು ಹಾರಿಸಿಬಿಡುವುದನ್ನು ಕಿವಿ ಬಿಡದು.

ಮಾಗಡಿ ತಾಲ್ಲೂಕಿನ ಕುದೂರಿನ ಗೃಹಸ್ಥರು ಈ ಕ್ರಮವನ್ನು ಇಂದೂ ಮನೆಯೊಳಗೇ ನಡೆಸಬಹುದು; ಸಂಗೀತ ಬಾರದಿದ್ದರೂ ಬಾಧಕವಿಲ್ಲ. ರಾತ್ರಿ ಊಟವಾದ ಮೇಲೆ ಐದು ಪದ್ಯ, ಇಲ್ಲವೆ ಕಾದಂಬರಿಯ ಒಂದು ಅಧ್ಯಾಯ. ಒಬ್ಬರು ಓದಲಿ, ಕೇಳಿದವರೊಬ್ಬರು ಮರುದಿನ ಅದನ್ನು ತಮ್ಮ ಮಾತಿನಲ್ಲಿ ಹೇಳಲಿ. ಹೇಳಲು ತಡವರಿಸಿದೆಡೆಯಲ್ಲಿ ಮತ್ತೊಮ್ಮೆ ಓದತಕ್ಕುದು. ಎಷ್ಟು ಪುಸ್ತಕ ಮುಗಿಯಿತೆಂಬ ಲೆಕ್ಕವನ್ನು ನಾವು ಮೆಚ್ಚುವುದಿಲ್ಲ.

ನಿಘಂಟು ಕೈಗೆಟುಕುವಂತಿರಬೇಕು. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟ್ಟೆಲರ ನಿಘಂಟು ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಲ್ಲಿ ಕನ್ನಡದಲ್ಲಿಯೇ ಅರ್ಥವೂ ಕವಿಪ್ರಯೋಗಗಳೂ ಇವೆ. ಎಂಟನ್ನೂ ಕೊಳ್ಳಲಾರದವರಿಗೆ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಸಾಕು.

ಆದರೆ ಕೆಲವು ಮಾತುಗಳಿಗೆ ನಿಘಂಟಿಗಿಂತ ಕಾಲ್ನಡಿಗೆಯೇ ಮೇಲು. ಮುತ್ತಿಗೆಯ ಕಥೆಗಳಲ್ಲಿ ಕೋಟೆ, ಕೊತ್ತಳ, ಹೆಬ್ಬಾಗಿಲೆಂದು ಓದಿ ಮುಂದೆ ಸಾಗುತ್ತೇವೆ. ಕುದೂರಿನವರಿಗೆ ಭೈರವನದುರ್ಗ ಸಮೀಪದಲ್ಲಿಯೇ ಇದೆ. ಮಕ್ಕಳನ್ನು ಕರೆದುಕೊಂಡು ಆ ಬಂಡೆಯನ್ನೇರಿ, ಉಳಿದ ಕೋಟೆಗೋಡೆಯ ಬಳಿ ನಿಂತು ಕೆಳಗೆ ನೋಡಿದರೆ, ಏರಿ ಬರುವ ದಂಡಿಗೆ ಎಂತಹ ಕಷ್ಟವಿತ್ತೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಮನೆಗೆ ಬಂದು ಅದೇ ಪುಟವನ್ನು ಪುನಃ ತೆರೆಯಿರಿ.

ಅವಸರಕ್ಕೆ ಕಾರಣವಿಲ್ಲ. ಕುಮಾರವ್ಯಾಸನೇ ಹತ್ತು ಪರ್ವಗಳನ್ನು ಹೇಳಿ ನಿಲ್ಲಿಸಿದನು. ಉಳಿದುದನ್ನು ತಿಮ್ಮಣ್ಣಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದನು. ದಿನಕ್ಕೈದು ಪದ್ಯದಂತೆ ಆ ಹತ್ತು ಪರ್ವಗಳಿಗೆ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಅರ್ಥ ಕೇಳುತ್ತಿದ್ದ ಮಗಳು ಅರ್ಥ ಹೇಳುವವಳಾಗಿರುತ್ತಾಳೆ.