ಹಳಿ ಮೊದಲೋ, ಎಂಜಿನ್ ಮೊದಲೋ? ಕಾಡಿನ ತೂತು ಕಲ್ಲುಗಳಲ್ಲಿದೆ ಉತ್ತರ

ಮೊದಲು ಉಗಿ ಎಂಜಿನ್ ಬಂತು, ಅದನ್ನು ಓಡಿಸಲು ಹಳಿ ಹಾಕಿದರು. ನಮ್ಮಲ್ಲಿ ಅನೇಕರ ನಂಬಿಕೆ ಇದು. ಆದರೆ ನಡೆದದ್ದು ತದ್ವಿರುದ್ಧ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ವೊಲ್ಲಟನ್‌ನಲ್ಲಿ 1604ರ ಹೊತ್ತಿಗೇ ಕುದುರೆಗಳು ಮರದ ಹಳಿಗಳ ಮೇಲೆ ಕಲ್ಲಿದ್ದಲು ಗಾಡಿಗಳನ್ನು ಎಳೆಯುತ್ತಿದ್ದವು. ಹಳಿಯ ಮೇಲೆ ಉಗಿ ಎಂಜಿನ್ ಓಡಿದ್ದು ಅದಾಗಿ 200 ವರ್ಷಗಳ ನಂತರ.

ಕುದುರೆಗೆ ಹಳಿ ಏಕೆ ಬೇಕಿತ್ತು?

ಮಣ್ಣಿನ ರಸ್ತೆಯಲ್ಲಿ ಭಾರ ಹೆಚ್ಚಾದಷ್ಟೂ ಚಕ್ರ ಹೂತುಕೊಳ್ಳುತ್ತದೆ. ಮಳೆಗಾಲದ ಕೆಸರಿನಲ್ಲಿ ಎತ್ತಿನಗಾಡಿ ಸಿಕ್ಕಿಕೊಂಡದ್ದನ್ನು ನೋಡಿದವರಿಗೆ ಇದು ಗೊತ್ತು. ಪ್ರತಿ ಹೆಜ್ಜೆಗೂ ಚಕ್ರವನ್ನು ಗುಂಡಿಯಿಂದ ಮೇಲೆತ್ತುವುದರಲ್ಲೇ ಪ್ರಾಣಿಯ ಶಕ್ತಿ ವ್ಯಯವಾಗುತ್ತದೆ. ಗಟ್ಟಿಯಾದ ನುಣುಪು ಹಳಿಯ ಮೇಲೆ ಚಕ್ರ ಹೂಳುವುದಿಲ್ಲ. ಹಾಗಾಗಿ ಅದೇ ಕುದುರೆ ಹಲವು ಪಟ್ಟು ಭಾರ ಎಳೆಯಬಲ್ಲದು.

ಕಾಡಿನಲ್ಲಿ ಉಳಿದಿರುವುದೇನು?

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ ಫಾರೆಸ್ಟ್ ಆಫ್ ಡೀನ್ ಎಂಬ ಕಾಡಿದೆ. ಅಲ್ಲಿನ ಬಿಕ್ಸ್‌ಲೇಡ್ ಕಣಿವೆಯಲ್ಲಿ 19ನೇ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ಮತ್ತು ಕಟ್ಟಡದ ಕಲ್ಲು ಸಾಗಿಸಲು ಕುದುರೆ ಟ್ರಾಮ್ ದಾರಿ ಮಾಡಿದ್ದರು. ಇಂದು ಆ ದಾರಿಯಲ್ಲಿ ನಡೆದರೆ ನೆಲದಲ್ಲಿ ಹೂತ ಚಪ್ಪಟೆ ಕಲ್ಲುಗಳ ಸಾಲು ಕಾಣುತ್ತದೆ. ಕಲ್ಲಿನ ನಡುವೆ ತೂತು. ಆ ತೂತಿಗೆ ಮರದ ಬೆಣೆ ತುರುಕಿ, ಅದಕ್ಕೆ ಮೊಳೆ ಹೊಡೆದು ಎರಕದ ಕಬ್ಬಿಣದ ಹಳಿಯನ್ನು ಕೂರಿಸುತ್ತಿದ್ದರು.

ಇಂದಿನಂತೆ ಹಳಿಗಳ ಅಡಿಯಲ್ಲಿ ಅಡ್ಡಪಟ್ಟಿ ಏಕಿರಲಿಲ್ಲ? ಎರಡು ಹಳಿಗಳ ನಡುವೆ ಕುದುರೆ ನಡೆಯಬೇಕಿತ್ತು. ಅಡ್ಡಪಟ್ಟಿ ಇದ್ದಿದ್ದರೆ ಅದರ ಕಾಲಿಗೆ ತೊಡಕಾಗುತ್ತಿತ್ತು.

ಎಂಜಿನ್ ಬಂದಾಗ ಏನಾಯಿತು?

1804ರ ಫೆಬ್ರುವರಿ 21ರಂದು ವೇಲ್ಸ್‌ನ ಪೆನಿಡ್ಯಾರೆನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ತನ್ನ ಉಗಿ ಎಂಜಿನ್ನನ್ನು ಇಂಥದೇ ಕುದುರೆ ದಾರಿಯ ಮೇಲೆ ಓಡಿಸಿದ. 10 ಟನ್ ಕಬ್ಬಿಣವನ್ನು ಎಂಜಿನ್ ಎಳೆಯಿತು. ಆದರೆ ಕುದುರೆಗಾಡಿಗೆಂದು ಮಾಡಿದ್ದ ಪೆಡಸು ಹಳಿಗಳು ಅದರ ಭಾರಕ್ಕೆ ಮುರಿದವು. ಮುಂದೆ ಗಟ್ಟಿಮುಟ್ಟಾದ ಹಳಿಗಳು ಬಂದವು. ದಾರಿಯಲ್ಲಿ ಕುದುರೆಯೇ ಇಲ್ಲದ ಮೇಲೆ ಅಡ್ಡಪಟ್ಟಿಗೂ ಅಡ್ಡಿಯಿರಲಿಲ್ಲ. ಎರಡು ಹಳಿಗಳ ಅಂತರ ಕೆಡದಂತೆ ಅದು ಹಿಡಿದಿಟ್ಟಿತು.

ಕಲ್ಲನ್ನು ಕದಲಿಸಬಾರದೇಕೆ?

ಒಂಟಿ ಕಲ್ಲಿನಲ್ಲಿ ತೂತು ಮಾತ್ರ ಇರುತ್ತದೆ. ಇದ್ದಲ್ಲೇ ಉಳಿದ ಸಾಲು ದಾರಿಯ ಅಗಲ, ಹಳಿಯ ಉದ್ದ, ಗಾಡಿ ತಿರುಗಿದ ತಿರುವು ಎಲ್ಲವನ್ನೂ ತೋರಿಸುತ್ತದೆ. ಹೂದೋಟದ ಅಂಚಿಗೆ ಚೆನ್ನಾಗಿದೆ ಎಂದು ಒಂದನ್ನು ಕಿತ್ತೊಯ್ದರೂ ಆ ಲೆಕ್ಕ ತಪ್ಪುತ್ತದೆ.